ಹವಳದ ಬಾಗಿಲಲ್ಲಿ ಒಂದು ರಾತ್ರಿ

‘ಇವತ್ತು ಒಳಗೆ ಹೋಗುವುದು ಬೇಡ’ ಎಂದರು ಕ್ಯಾಪ್ಟನ್.

ಸಂಜೆ ಐದು ಗಂಟೆ ಆಗಿತ್ತು. ಹತ್ತು ತಾಸಿನಿಂದ ನಾವು ಕಡಲ ಮೇಲಿದ್ದೆವು. ಅಷ್ಟರಲ್ಲಿ ಎರಡು ಸಲ ವಾಂತಿ ಮಾಡಿಕೊಂಡು, ಹೊಟ್ಟೆಯಲ್ಲಿ ನೀರೂ ನಿಲ್ಲದೆ, ಯಾಟ್‌ನ ಮೂಲೆಯೊಂದರಲ್ಲಿ ಮುದ್ದೆಯಾಗಿ ಕೂತಿದ್ದೆ. ಎದುರಿಗೆ ದ್ವೀಪ ಕಾಣುತ್ತಿತ್ತು. ತೆಳುವಾದ ಬಿಳಿ ಮರಳು, ಅದರ ಮೇಲೊಂದು ಹಸಿರು ಗೆರೆ. ಪಕ್ಕದಲ್ಲೇ ಅಲೆಯಿಲ್ಲದ ತಿಳಿನೀರು. ಇನ್ನೊಂದು ಅರ್ಧ ತಾಸು ಮುಂದೆ ಹೋದರೆ ದೋಣಿ ಅಲ್ಲಾಡುವುದು ನಿಲ್ಲುತ್ತದೆ, ನನ್ನ ಹೊಟ್ಟೆಯೂ ನಿಲ್ಲುತ್ತದೆ. ಇವರು ನೋಡಿದರೆ ಬೇಡ ಅನ್ನುತ್ತಿದ್ದಾರೆ!

ನನಗೆ ಸಿಟ್ಟು ಬಂತು. ‘ಸ್ಕ್ರೀನ್ ಮೇಲೆ ದಾರಿ ಕಾಣಿಸುತ್ತಿದೆಯಲ್ಲ?’ ಎಂದು ಕೇಳಿಯೇಬಿಟ್ಟೆ. ಅವರು ಸ್ಕ್ರೀನ್ ನೋಡಲಿಲ್ಲ, ನೀರಿನ ಕಡೆ ಕೈ ತೋರಿಸಿದರು. ‘ಅಲ್ಲಿ ನಿನಗೆ ಏನು ಕಾಣಿಸುತ್ತಿದೆ, ಹೇಳು?’ ಓರೆಯಾಗಿ ಬಿದ್ದ ಬಿಸಿಲಿಗೆ ಇಡೀ ನೀರು ಹೊಸ ತಗಡಿನಂತೆ ಹೊಳೆಯುತ್ತಿತ್ತು. ‘ಏನೂ ಕಾಣಿಸುತ್ತಿಲ್ಲ’ ಎಂದೆ. ‘ನನಗೂ ಕಾಣಿಸುತ್ತಿಲ್ಲ’ ಎಂದವರೇ ಯಾಟ್‌ನ ಮೂತಿಯನ್ನು ಹಿಂದಕ್ಕೆ ತಿರುಗಿಸಿದರು.

ಅದು 2024ರ ನವೆಂಬರ್‌ನ ಕೊನೆಯ ವಾರ. ದ್ವೀಪದ ಹೆಸರು ಲೇಡಿ ಮಸ್‌ಗ್ರೇವ್. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ದಕ್ಷಿಣದ ತುದಿಯಲ್ಲಿರುವ, ಪೂರ್ತಿ ಹವಳದಿಂದಲೇ ಹುಟ್ಟಿದ ಪುಟ್ಟ ನೆಲ.

ಮೀನುಗಾರರ ಮನೆಯ ಹುಡುಗಿ, ಕಡಲೇ ಗೊತ್ತಿಲ್ಲ!

ನಾನು ಕುಂದಾಪುರ ಕಡೆಯವಳು. ಅಪ್ಪ, ಚಿಕ್ಕಪ್ಪ ಇಬ್ಬರೂ ಮೀನುಗಾರಿಕೆಯಲ್ಲಿದ್ದವರು. ಅಮ್ಮ ಮೂವತ್ತು ವರ್ಷದಿಂದ ಬುಟ್ಟಿಯಲ್ಲಿ ಮೀನು ಹೊತ್ತು ಮಾರುತ್ತಿದ್ದಾಳೆ. ಆದರೆ ನಮ್ಮ ಮನೆಯ ಹೆಂಗಸರು ಯಾರೂ ದೋಣಿ ಹತ್ತಿದವರಲ್ಲ. ಕಡಲು ಎಂದರೆ ನಮಗೆ ದಡದಿಂದ ಕಾಣುವಷ್ಟೇ. ಅದರಾಚೆಯದು ಗಂಡಸರ ಲೋಕ.

ಓದಲು ಬ್ರಿಸ್ಬೇನ್‌ಗೆ ಬಂದ ಮೇಲೆ ಗೊತ್ತಾದ ಒಂದು ಸಂಗತಿ ನನ್ನನ್ನು ಅಚ್ಚರಿಗೊಳಿಸಿತು. ಇಲ್ಲಿನ ಮ್ಯಾನ್ಲಿ ಬಂದರಿನಲ್ಲಿ ಬುಧವಾರ ಮಧ್ಯಾಹ್ನ ಹಾಯಿದೋಣಿಗಳು ಹೊರಡುತ್ತವೆ. ಹಗ್ಗ ಎಳೆಯಲು ಜನ ಬೇಕಿರುವುದರಿಂದ, ಏನೂ ಗೊತ್ತಿಲ್ಲದವರನ್ನೂ ಹತ್ತಿಸಿಕೊಳ್ಳುತ್ತಾರೆ. ಯಾಟ್ ಎಂದರೆ ಶ್ರೀಮಂತರ ಶೋಕಿ ಎಂದುಕೊಂಡಿದ್ದ ನನಗೆ, ರಿಟೈರ್ ಆದ ಮೇಷ್ಟ್ರೊಬ್ಬರು ಮೂವತ್ತು ವರ್ಷ ಹಳೆಯ ದೋಣಿಗೆ ತಾವೇ ಬಣ್ಣ ಬಳಿದುಕೊಂಡು ಓಡಿಸುವುದನ್ನು ನೋಡಿ ತಮಾಷೆ ಅನಿಸಿತು. ಅವರೇ ನಮ್ಮ ಕ್ಯಾಪ್ಟನ್. ಅವರ ಹೆಂಡತಿಯನ್ನು ನಾನು ಮನಸ್ಸಿನಲ್ಲೇ ದೊಡ್ಡಮ್ಮ ಎಂದು ಕರೆಯುತ್ತಿದ್ದೆ. ನಾಲ್ಕು ತಿಂಗಳು ಬುಧವಾರ ತಪ್ಪಿಸದೆ ಹೋದ ಮೇಲೆ ಒಂದು ದಿನ ದೊಡ್ಡಮ್ಮ, ‘ಪರೀಕ್ಷೆ ಮುಗಿದ ಮೇಲೆ ನಮ್ಮ ಜೊತೆ ಹವಳದ ದ್ವೀಪಕ್ಕೆ ಬರುತ್ತೀಯಾ?’ ಎಂದರು. ಹೂಂ ಎಂದೆ. ಅಮ್ಮನಿಗೆ ಮಾತ್ರ ‘ಫ್ರೆಂಡ್ಸ್ ಜೊತೆ ಟೂರ್’ ಎಂದು ಸುಳ್ಳು ಹೇಳಿದೆ. ಅದಕ್ಕೊಂದು ಕಾರಣವಿತ್ತು.

ಹೊರಟಿದ್ದೇ ತಡ

ಬುಂಡಬರ್ಗ್ ಎಂಬ ಊರಿನ ಬಂದರಿನಿಂದ ದ್ವೀಪಕ್ಕೆ ಸುಮಾರು 50 ನಾಟಿಕಲ್ ಮೈಲಿ. ಎಂದರೆ ತೊಂಬತ್ತು ಕಿಲೋಮೀಟರ್‌ಗಿಂತ ತುಸು ಹೆಚ್ಚು. ಹಾಯಿದೋಣಿಯ ವೇಗ ನಮ್ಮೂರಿನ ಸೈಕಲ್ಲಿನಷ್ಟೇ. ರಾತ್ರಿ ಹನ್ನೊಂದಕ್ಕೆ ಹೊರಟು ಬೆಳಿಗ್ಗೆ ಒಂಬತ್ತು, ಹತ್ತಕ್ಕೆ ತಲುಪುವುದು ಲೆಕ್ಕ. ರಾತ್ರಿಯೇ ಯಾಕೆ ಎಂದು ಕೇಳಿದ್ದಕ್ಕೆ ಕ್ಯಾಪ್ಟನ್, ‘ಹೊರಡುವ ಹೊತ್ತು ಯಾವುದಾದರೂ ಆಗಬಹುದು, ತಲುಪುವ ಹೊತ್ತು ಸರಿಯಿರಬೇಕು’ ಎಂದಿದ್ದರು. ಆಗ ಅರ್ಥವಾಗಿರಲಿಲ್ಲ.

ಆ ರಾತ್ರಿ ಇಂಜಿನ್ನಿಗೆ ತಣ್ಣೀರು ಎಳೆಯುವ ಪಂಪ್ ಕೈಕೊಟ್ಟಿತು. ಅದನ್ನು ಬಿಚ್ಚಿ ಕಟ್ಟುವಷ್ಟರಲ್ಲಿ ಬೆಳಗಾಯಿತು. ಏಳಕ್ಕೆ ಹೊರಟೆವು. ಆಗ್ನೇಯದ ಗಾಳಿ ಚೆನ್ನಾಗಿಯೇ ಬೀಸುತ್ತಿತ್ತು. ಹೀಗೇ ಇದ್ದರೆ ಮೂರು ಗಂಟೆಗೆ ತಲುಪಬಹುದಿತ್ತು. ಆದರೆ ಮಧ್ಯಾಹ್ನ ಗಾಳಿ ಬಿದ್ದುಹೋಯಿತು. ರಿಪೇರಿಯಾದ ಇಂಜಿನ್ನನ್ನು ಜೋರಾಗಿ ಓಡಿಸುವಂತಿರಲಿಲ್ಲ. ಗಾಳಿಯಿಲ್ಲದ ಕಡಲಿನಲ್ಲಿ ಹಳೆಯ ಅಲೆಗಳು ಮಾತ್ರ ಉಳಿದು ದೋಣಿಯನ್ನು ತೊಟ್ಟಿಲಿನಂತೆ ತೂಗಿದವು. ನನ್ನ ಅವಸ್ಥೆ ಶುರುವಾದದ್ದು ಅಲ್ಲಿಂದಲೇ.

ಕೋಟೆಗೆ ಒಂದೇ ಬಾಗಿಲು

ಲೇಡಿ ಮಸ್‌ಗ್ರೇವ್ ದ್ವೀಪ ಸುಮಾರು 14 ಹೆಕ್ಟೇರ್ ಅಷ್ಟೇ. ನಮ್ಮ ಲೆಕ್ಕದಲ್ಲಿ ಮೂವತ್ತೈದು ಎಕರೆ. ಆದರೆ ಅದರ ಪಕ್ಕದಲ್ಲಿ ಹವಳದ ಗೋಡೆ ಸುತ್ತುವರಿದ ಸುಮಾರು 1,200 ಹೆಕ್ಟೇರ್‌ನ ಲಗೂನ್ ಇದೆ. ಹೊರಗೆ ಎಷ್ಟೇ ಅಲೆಯಿದ್ದರೂ ಗೋಡೆಗೆ ಬಡಿದು ಅಲ್ಲೇ ನಿಲ್ಲುತ್ತದೆ, ಒಳಗೆ ನೀರು ಕೆರೆಯಂತೆ. ಈ ಕೋಟೆಗೆ ಉತ್ತರದ ಕಡೆ ಇಕ್ಕಟ್ಟಾದ ಒಂದೇ ಬಾಗಿಲು. ಯಾಟ್‌ಗಳು ಒಳಹೋಗುವುದು ಅಲ್ಲಿಂದ.

ಬಾಗಿಲಲ್ಲಿ ಗುರುತಿನ ಕಂಬಗಳಿವೆ. ಆದರೆ ಕಂಬ ದಾಟಿದ ಮೇಲೂ ಕಷ್ಟ ಮುಗಿಯುವುದಿಲ್ಲ. ಲಗೂನ್ ಒಳಗೆ ಅಲ್ಲಲ್ಲಿ ಹವಳದ ದೊಡ್ಡ ಗುಡ್ಡೆಗಳು ನೀರಿನ ಮಟ್ಟಕ್ಕೆ ತುಸು ಕೆಳಗೆ ಅಡಗಿರುತ್ತವೆ. ಇವುಗಳನ್ನು ತಪ್ಪಿಸಿಕೊಂಡು ಹೋಗುವುದು ನೀರಿನ ಬಣ್ಣ ನೋಡಿ. ಕಡುನೀಲಿ ಎಂದರೆ ಆಳ, ತಿಳಿಹಸಿರು ಎಂದರೆ ಮರಳಿನ ತಳ, ಕಂದು ಎಂದರೆ ಹವಳ. ಈ ಬಣ್ಣಗಳು ಕಾಣಬೇಕಾದರೆ ಸೂರ್ಯ ಮೇಲಿರಬೇಕು, ಬೆನ್ನ ಹಿಂದಿದ್ದರೆ ಇನ್ನೂ ಒಳ್ಳೆಯದು. ಸಂಜೆಯ ಬಿಸಿಲಿಗೆ ಎಲ್ಲವೂ ಒಂದೇ ಬಣ್ಣ. ತಲುಪುವ ಹೊತ್ತು ಸರಿಯಿರಬೇಕು ಎಂದದ್ದು ಇದಕ್ಕೆ.

ನಾವು ಹಿಂದಿರುಗುತ್ತಿದ್ದಾಗ ನಮ್ಮ ಕಣ್ಣೆದುರೇ ಒಂದು ದೊಡ್ಡ ಕೆಟಮರಾನ್ ಬಂದು, ಬಾಗಿಲಲ್ಲಿ ನುಗ್ಗಿ, ಆರಾಮಾಗಿ ಒಳಗೆ ಹೋಯಿತು. ಅದಕ್ಕೇನೂ ಆಗಲಿಲ್ಲ. ನಾನು ಕ್ಯಾಪ್ಟನ್ ಮುಖ ನೋಡಿದೆ. ‘ಅವರಿಗೆ ದಾರಿ ಗೊತ್ತಿರಬಹುದು. ನನಗೆ ಕಾಣುತ್ತಿಲ್ಲ ಅನ್ನುವುದು ನನಗೆ ಗೊತ್ತು’ ಎಂದರು. ಆ ಕ್ಷಣಕ್ಕೆ ಅದು ನನಗೆ ಮುದುಕರ ಹೆದರಿಕೆಯಂತೆ ಕಂಡಿತು.

ರಾತ್ರಿ ಊಟಕ್ಕೆ ಕೂತಾಗ ಅವರು ಜೇಮ್ಸ್ ಕುಕ್‌ನ ಕಥೆ ಹೇಳಿದರು. 1770ರ ಮೇ ತಿಂಗಳಲ್ಲಿ ಇದೇ ಕಡಲಿನಲ್ಲಿ ಉತ್ತರಕ್ಕೆ ಹೋದ ಕುಕ್, ದಡದಲ್ಲಿ ಇಳಿದ ಜಾಗದ ಊರಿಗೆ ಇವತ್ತಿಗೂ ‘ಸೆವೆಂಟೀನ್ ಸೆವೆಂಟಿ’ ಎಂದೇ ಹೆಸರು. ಅದಾಗಿ ಮೂರು ವಾರ ಕಳೆಯುವಷ್ಟರಲ್ಲಿ, ಜೂನ್ 11ರ ರಾತ್ರಿ, ಅವನ ‘ಎಂಡೆವರ್’ ಹಡಗು ಹವಳದ ದಿಬ್ಬಕ್ಕೆ ಬಡಿದು ಸಿಕ್ಕಿಕೊಂಡಿತು. ಹಗುರವಾಗಲೆಂದು ಫಿರಂಗಿಗಳನ್ನೂ ಸಮುದ್ರಕ್ಕೆ ಎಸೆದರು. ಒಂದು ದಿನ ಒದ್ದಾಡಿ, ಉಬ್ಬರದಲ್ಲಿ ಹಡಗನ್ನು ಬಿಡಿಸಿಕೊಂಡರೂ, ತೂತು ಮುಚ್ಚಲು ವಾರಗಟ್ಟಲೆ ದಡದಲ್ಲಿ ಕೂರಬೇಕಾಯಿತು. ‘ಅವನಿಗೆ ಫಿರಂಗಿಗಳಾದರೂ ಇದ್ದವು. ನಾವು ಎಸೆಯುವುದು ಏನನ್ನು? ನಿನ್ನ ಸೂಟ್‌ಕೇಸನ್ನಾ?’ ಎಂದು ದೊಡ್ಡಮ್ಮ ನಕ್ಕರು.

ನನ್ನ ಪಾಳಿಯಲ್ಲಿ ನೆನಪಾದ ಅಳಿವೆ

ಹವಳದ ದಿಬ್ಬಕ್ಕೂ ದಡಕ್ಕೂ ನಡುವಿನ ಆಳ ನೀರಿಗೆ ಬಂದು, ಚಿಕ್ಕದೊಂದು ಹಾಯಿ ಮಾತ್ರ ಬಿಟ್ಟು, ದೋಣಿಯನ್ನು ತೇಲಲು ಬಿಟ್ಟೆವು. ರಾತ್ರಿಯಿಡೀ ಒಬ್ಬರಲ್ಲ ಒಬ್ಬರು ಎಚ್ಚರವಿರಬೇಕು. ನನ್ನ ಪಾಳಿ ಒಂದರಿಂದ ಮೂರು. ಲೈಫ್ ಜಾಕೆಟ್ ಹಾಕಿ, ಅದರ ಪಟ್ಟಿಯನ್ನು ದೋಣಿಗೆ ಬಿಗಿದುಕೊಂಡು ಕೂರಬೇಕು. ಕಾಲು ಗಂಟೆಗೊಮ್ಮೆ ಎಲ್ಲಿದ್ದೇವೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು, ಹಡಗಿನ ದೀಪ ಕಂಡರೆ ಎಬ್ಬಿಸಬೇಕು.

ಅಮಾವಾಸ್ಯೆ ಹತ್ತಿರವಿತ್ತು. ಅಷ್ಟು ನಕ್ಷತ್ರಗಳನ್ನು ನಾನು ಹಿಂದೆಂದೂ ನೋಡಿರಲಿಲ್ಲ. ನಮ್ಮೂರಿನಲ್ಲಿ ನೆಟ್ಟಗೆ ಕಾಣುವ ಮಹಾವ್ಯಾಧ ಇಲ್ಲಿ ತಲೆಕೆಳಗಾಗಿ ನಿಂತಿದ್ದ. ಕತ್ತಲಿನಲ್ಲಿ ನೀರು ದೋಣಿಗೆ ತಟ್ಟುವ ಸದ್ದು ಕೇಳುತ್ತಾ ಕೂತಾಗ, ಬೇಡವೆಂದರೂ ಆ ಆಗಸ್ಟ್ ನೆನಪಾಯಿತು.

ನಾನಾಗ ಎಂಟನೆಯ ಕ್ಲಾಸು. ಮಳೆಗಾಲದ ಎರಡು ತಿಂಗಳ ನಿಷೇಧ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದ ಮೊದಲ ವಾರ. ನದಿ ಕಡಲು ಸೇರುವ ಅಳಿವೆಯಲ್ಲಿ ಇನ್ನೂ ಅಲೆ ಜೋರಾಗಿಯೇ ಇತ್ತು. ಹೊರಗೆ ನಿಂತು, ಅಲೆಗಳ ನಡುವೆ ಬಿಡುವು ಸಿಗುವವರೆಗೆ ಕಾದು, ಆಮೇಲೆ ನುಗ್ಗಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ಮಾತೇ. ಆದರೆ ಅವತ್ತು ಒಳ್ಳೆಯ ಮೀನು ಬಿದ್ದಿತ್ತು. ಮೊದಲು ಹೋದವರಿಗೆ ಮೊದಲ ರೇಟು. ಮುಂದಿನ ದೋಣಿ ದಾಟಿತು ಎಂದು ಚಿಕ್ಕಪ್ಪನ ದೋಣಿಯೂ ನುಗ್ಗಿತು. ದಡದಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಅಮ್ಮ, ಅಮ್ಮನ ಸೆರಗು ಹಿಡಿದಿದ್ದ ನಾನು ನೋಡನೋಡುತ್ತಿದ್ದಂತೆಯೇ ಅದು ಮಗುಚಿತು. ಚಿಕ್ಕಪ್ಪ ಈಜಿ ಬಂದರು. ಅವರ ಜೊತೆಗಿದ್ದ ಒಬ್ಬರು ಬರಲಿಲ್ಲ. ಚಿಕ್ಕಪ್ಪ ಮತ್ತೆ ಕಡಲಿಗೆ ಹೋಗಲಿಲ್ಲ. ಅಮ್ಮ ನನ್ನಿಂದ ದೇವರ ಮುಂದೆ ಮಾತು ತೆಗೆದುಕೊಂಡಳು, ದೋಣಿಯ ಸಹವಾಸ ಬೇಡ ಎಂದು.

ಹತ್ತು ವರ್ಷಗಳಿಂದ ನಾನು ಅದನ್ನು ಕಡಲಿನ ತಪ್ಪು ಎಂದೇ ತಿಳಿದಿದ್ದೆ. ಆ ರಾತ್ರಿ ಗೊತ್ತಾಯಿತು, ಸಂಜೆ ಕ್ಯಾಪ್ಟನ್ ಹತ್ತಿರ ನಾನು ಆಡಿದ ಮಾತು ಅವತ್ತಿನ ದೋಣಿಯವರ ಮಾತೇ. ಮುಂದಿನವರು ಹೋದರಲ್ಲ, ನಾವೂ ಹೋಗೋಣ. ಹೊಟ್ಟೆ ತೊಳಸುವ ಒಂದು ರಾತ್ರಿಯನ್ನು ತಪ್ಪಿಸಿಕೊಳ್ಳಲು ನಾನೂ ನುಗ್ಗಿಬಿಡುತ್ತಿದ್ದೆ. ಮೂರಕ್ಕೆ ಕ್ಯಾಪ್ಟನ್ ಎದ್ದು ಬಂದಾಗ ‘ಸಾರಿ’ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಒಂದು ಬಿಸ್ಕತ್ತು ಕೊಟ್ಟು ಮಲಗಲು ಕಳಿಸಿದರು.

ಕಂದು, ಹಸಿರು, ನೀಲಿ

ಬೆಳಿಗ್ಗೆ ಹತ್ತಕ್ಕೆ ಮತ್ತೆ ಬಾಗಿಲ ಬಳಿ ಬಂದೆವು. ಬಿಸಿಲು ಮೇಲೇರಿತ್ತು. ಕ್ಯಾಪ್ಟನ್ ತಮ್ಮ ಪೋಲರಾಯ್ಡ್ ಕನ್ನಡಕವನ್ನು ನನಗೆ ಕೊಟ್ಟು, ‘ಮುಂದೆ ಹೋಗಿ ನಿಲ್ಲು. ಕಂದು ಕಂಡರೆ ಆ ಕಡೆ ಕೈ ತೋರಿಸು’ ಎಂದರು. ಕನ್ನಡಕ ಹಾಕಿದ ಕೂಡಲೇ ನೀರಿನ ಮೇಲಿನ ಹೊಳಪು ಮಾಯ. ನಿನ್ನೆ ತಗಡಿನಂತಿದ್ದ ಜಾಗದಲ್ಲಿ ಇವತ್ತು ಒಂದು ನಕ್ಷೆಯೇ ಬಿಡಿಸಿಟ್ಟಂತಿತ್ತು. ಎರಡೂ ಬದಿಗೆ ಕಂದು ಗೋಡೆ, ನಡುವೆ ಕಿರಿದಾದ ನೀಲಿ ದಾರಿ. ಲಗೂನಿನ ನೀರು ಇಳಿತಕ್ಕೆ ಹೊರಗೆ ಹರಿಯುತ್ತಾ ದೋಣಿಯನ್ನು ಹಿಂದಕ್ಕೆ ತಳ್ಳುತ್ತಿತ್ತು. ಒಳಗೆ ಹೋದ ಮೇಲೆ ಎಡಕ್ಕೊಂದು ಗುಡ್ಡೆ, ಬಲಕ್ಕೆರಡು. ಕೈ ತೋರಿಸುತ್ತಾ ಹೋದೆ. ಭಯಕ್ಕೆ ಬಾಯಿ ಒಣಗಿತ್ತು. ಆದರೆ ಹೊಟ್ಟೆ ತೊಳಸುವುದು ಮರೆತೇಹೋಗಿತ್ತು.

ಲಂಗರು ಹಾಕುವಾಗಲೂ ಮರಳು ಹುಡುಕಿಯೇ ಹಾಕಬೇಕು. ಹವಳದ ಮೇಲೆ ಲಂಗರು ಬಿದ್ದರೆ ಹತ್ತಾರು ವರ್ಷ ಬೆಳೆದದ್ದು ಒಂದು ಏಟಿಗೆ ಪುಡಿ. ಹವಳ ಎಂದರೆ ಕಲ್ಲಲ್ಲ, ಸಣ್ಣ ಸಣ್ಣ ಜೀವಿಗಳು ತಮ್ಮ ಸುತ್ತ ಕಟ್ಟಿಕೊಂಡ ಸುಣ್ಣದ ಮನೆ.

ಕಾಲಡಿಯಲ್ಲಿ ಗೂಡು, ತಲೆಯ ಮೇಲೆ ಗೂಡು

ಮಧ್ಯಾಹ್ನ ರಬ್ಬರ್ ದೋಣಿಯಲ್ಲಿ ದ್ವೀಪಕ್ಕೆ ಹೋದೆವು. ಇಲ್ಲಿ ಅಂಗಡಿ ಇಲ್ಲ, ಹೋಟೆಲ್ ಇಲ್ಲ, ಕುಡಿಯಲು ಸಿಹಿನೀರೂ ಇಲ್ಲ. ಟೆಂಟ್ ಹಾಕುವವರು ಎಲ್ಲವನ್ನೂ ಹೊತ್ತು ತಂದು, ಕಸವನ್ನೂ ಹೊತ್ತು ಒಯ್ಯಬೇಕು. ಬೆಂಕಿ ಹಾಕುವಂತಿಲ್ಲ. ಹಕ್ಕಿಗಳಿಗೆ ತೊಂದರೆಯಾಗದಿರಲಿ ಎಂದು ಜನವರಿ ಕೊನೆಯಿಂದ ಈಸ್ಟರ್‌ವರೆಗೆ ಕ್ಯಾಂಪಿಂಗ್ ಬಂದ್.

ದ್ವೀಪದ ನಡುವೆ ಪಿಸೋನಿಯಾ ಎಂಬ ಮರಗಳ ಕಾಡು. ಅದರ ರೆಂಬೆರೆಂಬೆಯಲ್ಲೂ ನಾಡಿ ಎಂಬ ಕಪ್ಪು ಹಕ್ಕಿಗಳ ಗೂಡು. ಉದುರಿದ ಎಲೆಗಳನ್ನು ತಮ್ಮ ಹಿಕ್ಕೆಯಿಂದಲೇ ಅಂಟಿಸಿ ಕಟ್ಟಿದ ಗೂಡಿನಲ್ಲಿ ಒಂದೇ ಒಂದು ಮೊಟ್ಟೆ. ತಲೆ ಎತ್ತಿ ನೋಡುತ್ತಾ ನಡೆಯುತ್ತಿದ್ದ ನನ್ನನ್ನು ದೊಡ್ಡಮ್ಮ ತೋಳು ಹಿಡಿದು ದಾರಿಗೆ ಎಳೆದರು. ನೆಲದೊಳಗೆ ಬಿಲ ತೋಡಿ ಮೊಟ್ಟೆ ಇಡುವ ಶಿಯರ್‌ವಾಟರ್ ಹಕ್ಕಿಗಳೂ ಇಲ್ಲಿವೆ. ದಾರಿ ಬಿಟ್ಟು ಒಂದು ಹೆಜ್ಜೆ ಇಟ್ಟರೆ ಮರಳು ಕುಸಿದು ಗೂಡೇ ಸಮಾಧಿ. ಆ ರಾತ್ರಿ ಲಗೂನಿನಲ್ಲಿ ಮಲಗಿದ್ದಾಗ ದ್ವೀಪದ ಕಡೆಯಿಂದ ಎಳೆಮಗು ಅತ್ತಂತೆ ಕೇಳಿಬಂದದ್ದು ಇವುಗಳ ಕೂಗೇ. ಗೊತ್ತಿರದಿದ್ದರೆ ದೆವ್ವ ಎಂದೇ ಓಡುತ್ತಿದ್ದೆ!

ಕಾಡಿನಂಚಿನಲ್ಲಿ ಒಂದು ನಾಡಿ ನೆಲದಲ್ಲಿ ಕುಪ್ಪಳಿಸುತ್ತಿತ್ತು. ಪಿಸೋನಿಯಾದ ಬೀಜಗಳಿಗೆ ಗೋಂದಿನಂಥ ಅಂಟು. ಅವು ರೆಕ್ಕೆಯ ತುಂಬ ಮೆತ್ತಿಕೊಂಡು ಹಾರಲಾಗದೆ ಒದ್ದಾಡುತ್ತಿತ್ತು. ನಾನು ಬಿಡಿಸಲು ಬಗ್ಗಿದೆ. ದೊಡ್ಡಮ್ಮ ಬೇಡವೆಂದರು. ಈ ಅಂಟಿನಿಂದಲೇ ಬೀಜಗಳು ಹಕ್ಕಿಯ ಮೈಮೇಲೆ ಕೂತು ದ್ವೀಪದಿಂದ ದ್ವೀಪಕ್ಕೆ ಹೋಗುತ್ತವೆ. ಕೆಲವು ಹಕ್ಕಿಗಳು ಸಾಯುತ್ತವೆ, ಮಣ್ಣೇ ಇಲ್ಲದ ಈ ಮರಳಿಗೆ ಗೊಬ್ಬರವಾಗುತ್ತವೆ. ಆ ಗೊಬ್ಬರದಿಂದ ಮರ, ಮರದಲ್ಲಿ ಮತ್ತೆ ಗೂಡು. ಅರ್ಥವಾಯಿತು, ಆದರೂ ಸಮಾಧಾನವಾಗಲಿಲ್ಲ. ಆ ಹಕ್ಕಿ ನನ್ನ ಕಡೆ ನೋಡಿದ ರೀತಿ ಇನ್ನೂ ಮನಸ್ಸಿನಲ್ಲಿದೆ.

ಮನುಷ್ಯ ಇಲ್ಲಿ ಕೈಯಾಡಿಸದೆ ಬಿಟ್ಟಿದ್ದೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಕ್ಕಿಗಳ ಹಿಕ್ಕೆಯನ್ನು ಗೊಬ್ಬರಕ್ಕೆಂದು ಅಗೆದು ಸಾಗಿಸಿದರು. ಬಿಟ್ಟುಹೋದ ಆಡುಗಳು ಕಂಡ ಹಸಿರನ್ನೆಲ್ಲ ಮೇಯ್ದವು. 1970ರ ದಶಕದಲ್ಲಿ ಆಡುಗಳನ್ನು ತೆಗೆದ ಮೇಲೆ ಕಾಡು ಮತ್ತೆ ಚಿಗುರಿತು. ಈಗ ದ್ವೀಪ ರಾಷ್ಟ್ರೀಯ ಉದ್ಯಾನದ ಭಾಗ.

ನೀರಿನೊಳಗಿನ ಗಾಯ

ಮರುದಿನ ಮುಖಕ್ಕೆ ಮಾಸ್ಕ್, ಬಾಯಿಗೆ ಕೊಳವೆ ಹಾಕಿಕೊಂಡು ನೀರಿಗಿಳಿದೆ. ಮೀನಿನ ನಡುವೆಯೇ ಬೆಳೆದ ನಾನು ಮೀನು ಬದುಕುವುದನ್ನು ನೋಡಿದ್ದು ಅದೇ ಮೊದಲು! ನಾನು ಕಂಡಿದ್ದೆಲ್ಲ ಬುಟ್ಟಿಯ ಮೀನು, ಐಸಿನ ಮೀನು. ಇಲ್ಲಿ ಗಿಳಿಮೀನುಗಳು ಹವಳವನ್ನು ಕಟಕಟ ಕಚ್ಚುವ ಸದ್ದು ನೀರಿನೊಳಗೂ ಕೇಳುತ್ತದೆ. ಅವು ಅರೆದು ಹೊರಹಾಕಿದ ಹವಳವೇ ಈ ಬಿಳಿ ಮರಳಿನ ಒಂದು ಪಾಲು. ಹಸಿರು ಕಡಲಾಮೆಯೊಂದು ನನ್ನ ಪಕ್ಕದಲ್ಲೇ ಮೇಲೆ ಬಂದು, ಒಂದು ಉಸಿರು ತೆಗೆದುಕೊಂಡು, ಕೆಳಗಿಳಿದು ಹೋಯಿತು. ಬೆಳಿಗ್ಗೆ ದಂಡೆಯಲ್ಲಿ ಟ್ರ್ಯಾಕ್ಟರ್ ಟೈರಿನಂಥ ಗುರುತು ಕಂಡಿದ್ದೆ. ರಾತ್ರಿ ಮೊಟ್ಟೆಯಿಡಲು ಬಂದ ಆಮೆಯ ಹೆಜ್ಜೆ ಅದು.

ಎಲ್ಲವೂ ಚೆಂದವಿರಲಿಲ್ಲ. ಒಂದು ಕಡೆ ಕೊಂಬೆಕೊಂಬೆಯ ಹವಳವೆಲ್ಲ ಪಾಚಿ ಹಿಡಿದು, ಸುಟ್ಟ ಪೊದೆಯಂತೆ ನಿಂತಿತ್ತು. ಹವಳದೊಳಗೆ ಸೂಕ್ಷ್ಮ ಪಾಚಿಗಳು ವಾಸವಿದ್ದು ಅದಕ್ಕೆ ಬಣ್ಣವನ್ನೂ ಊಟವನ್ನೂ ಕೊಡುತ್ತವೆ. ನೀರು ಮಾಮೂಲಿಗಿಂತ ಒಂದು ಡಿಗ್ರಿ ಹೆಚ್ಚಾಗಿ ವಾರಗಟ್ಟಲೆ ಹಾಗೇ ಉಳಿದರೂ ಸಾಕು, ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 2016, 2017, 2020, 2022ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಗಿತ್ತು. 2024ರ ಬೇಸಿಗೆಯಲ್ಲಿ ದಕ್ಷಿಣದ ಈ ಭಾಗಕ್ಕೂ ಪೆಟ್ಟು ಜೋರಾಗಿಯೇ ಬಿತ್ತು. ಇಲ್ಲಿನ ಮೂರನೇ ಒಂದು ಭಾಗದಲ್ಲಿ 2004ರಿಂದ ಮೀನು ಹಿಡಿಯುವಂತಿಲ್ಲ. ಲಂಗರಿಗೂ ನಿಯಮ, ಹೆಜ್ಜೆಗೂ ನಿಯಮ. ಆದರೆ ಬಿಸಿನೀರು ಯಾವ ಬೋರ್ಡನ್ನೂ ಓದಿಕೊಂಡು ಬರುವುದಿಲ್ಲ. ಅಷ್ಟು ಗಟ್ಟಿ ಗೋಡೆ, ಅಷ್ಟು ಇಕ್ಕಟ್ಟಾದ ಬಾಗಿಲು. ಅದರ ಮೇಲಿಂದಲೇ ಬಿಸಿ ಒಳಗೆ ಬಂದು ಕೂತಿತ್ತು.

ಆದರೂ ಸತ್ತ ಕೊಂಬೆಯ ಬುಡದಲ್ಲಿ ಉಗುರಿನಷ್ಟು ಹೊಸ ಹವಳ ನೇರಳೆ ಬಣ್ಣದಲ್ಲಿ ಕೂತಿತ್ತು. ದೊಡ್ಡಮ್ಮ ಅದನ್ನು ಬೆರಳು ತಾಗಿಸದೆ ತೋರಿಸಿದರು.

ಅಮ್ಮನ ಫೋನು

ಮೂರು ರಾತ್ರಿ ಅಲ್ಲಿದ್ದು, ಉತ್ತರದ ಗಾಳಿ ಶುರುವಾಗುವುದನ್ನು ಕಾದು, ಅದರ ಬೆನ್ನೇರಿ ಬುಂಡಬರ್ಗ್‌ಗೆ ಮರಳಿದೆವು. ಸಿಗ್ನಲ್ ಸಿಕ್ಕಿದ ಕೂಡಲೇ ಅಮ್ಮನಿಗೆ ಫೋನ್ ಮಾಡಿ ನಿಜ ಹೇಳಿದೆ. ಆ ಕಡೆ ತುಂಬ ಹೊತ್ತು ಮಾತೇ ಇಲ್ಲ. ಬೈಗುಳಕ್ಕೆ ಸಿದ್ಧಳಾಗಿದ್ದೆ.

‘ಮೀನ್ ಎಷ್ಟ್ ಸಿಕ್ತ್?’ ಎಂದಳು.

‘ಅಲ್ಲಿ ಹಿಡಿಯುವಂತಿಲ್ಲಮ್ಮ, ನೋಡಿಕೊಂಡು ಬಂದೆವು ಅಷ್ಟೇ’ ಎಂದೆ.

‘ಹಂಗಾರೆ ಹೋದ್ದ್ ಎಂತಕೆ?’

ನಗು ಬಂತು. ಆಮೇಲೆ ಬಾಗಿಲಿನ ಕಥೆ ಹೇಳಿದೆ. ದ್ವೀಪ ಎದುರಿಗಿದ್ದರೂ ರಾತ್ರಿಯೆಲ್ಲ ಹೊರಗೆ ನಿಂತದ್ದು, ಇನ್ನೊಂದು ದೋಣಿ ನುಗ್ಗಿದರೂ ಕ್ಯಾಪ್ಟನ್ ನುಗ್ಗದೇ ಇದ್ದದ್ದು, ನಾನು ಸಿಟ್ಟು ಮಾಡಿಕೊಂಡದ್ದು. ಅಳಿವೆಯ ವಿಷಯ ಇಬ್ಬರೂ ಎತ್ತಲಿಲ್ಲ. ಆದರೆ ಇಬ್ಬರಿಗೂ ಅದೇ ನೆನಪಾಗಿತ್ತು ಎಂದು ನನಗೆ ಗೊತ್ತು.

ಮುರುಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಅದರ ಸುತ್ತಲೂ ಹವಳವಿದೆ. ಮಳೆಗಾಲ ಮುಗಿದ ಮೇಲೆ ಅಲ್ಲಿಗೆ ಜನರನ್ನು ಕರೆದೊಯ್ಯುವ ದೋಣಿಗಳಿವೆ. ಮುಂದಿನ ಸಲ ಊರಿಗೆ ಬಂದಾಗ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು ಎಂದುಕೊಂಡಿದ್ದೇನೆ. ಮೂವತ್ತು ವರ್ಷ ಮೀನು ಮಾರಿದವಳು ಒಂದು ಸಲವಾದರೂ ಮೀನು ಈಜುವುದನ್ನು ನೋಡಬೇಡವೇ? ಫೋನಿನಲ್ಲೇ ಕೇಳಿದೆ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಎನ್ನಲಿಲ್ಲ. ಇಡುವ ಮೊದಲು ಒಂದೇ ಮಾತು ಹೇಳಿದಳು.

‘ನಿನ್ನ ಆ ಕ್ಯಾಪ್ಟನ್ ಕಾದ ಅಲ್ದಾ, ಒಳ್ಳೆ ಮನ್ಷ.’